ವ್ಯಾಯಾಮದಲ್ಲಿ ವ್ಯಯಿಸಿದ ಕ್ಯಾಲೊರಿಯನ್ನು ಮರಳಿ ತಿನ್ನಬೇಕೇ?

ತೂಕ ಇಳಿಸುವಾಗ ವ್ಯಾಯಾಮದಲ್ಲಿ ವ್ಯಯವಾದಷ್ಟು ಕ್ಯಾಲೊರಿಯನ್ನು ಹೆಚ್ಚುವರಿಯಾಗಿ ಸೇವಿಸಬೇಕೇ ಎಂಬುದು ನಿಮ್ಮ ದಿನದ ಕ್ಯಾಲೊರಿ ಸೇವನೆಯ ಗುರಿಯನ್ನು ಹೇಗೆ ಲೆಕ್ಕ ಹಾಕಲಾಗಿದೆ ಎಂಬುದನ್ನು ಅವಲಂಬಿಸಿದೆ. ಆ ಲೆಕ್ಕದಲ್ಲಿ ವ್ಯಾಯಾಮವೂ ಸೇರಿದ್ದರೆ, ಮತ್ತೆ ತಿನ್ನುವುದು ಒಂದೇ ಖರ್ಚನ್ನು ಎರಡು ಬಾರಿ ಬರೆದಂತಾಗುತ್ತದೆ. ವ್ಯಾಯಾಮವಿಲ್ಲದ ದಿನಚರಿಗೆ ತಕ್ಕಂತೆ ಗುರಿ ನಿಗದಿಯಾಗಿದ್ದರೆ ಸುಮಾರು ಅರ್ಧದಷ್ಟನ್ನು ಸೇವಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಏಕೆಂದರೆ ಸುಮ್ಮನೆ ಕುಳಿತಿದ್ದರೂ ವ್ಯಯವಾಗುತ್ತಿದ್ದ ಶಕ್ತಿಯನ್ನು ಕ್ಯಾಲೊರಿ ಅಳೆಯುವ ಸಾಧನಗಳು ಹಲವೊಮ್ಮೆ ವ್ಯಾಯಾಮದ ಖಾತೆಗೇ ಸೇರಿಸುತ್ತವೆ, ಅಲ್ಲದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಣಿಕಟ್ಟಿಗೆ ಕಟ್ಟುವ 7 ಸಾಧನಗಳ ಪೈಕಿ ಅತ್ಯಂತ ನಿಖರವಾದದ್ದರ ಕ್ಯಾಲೊರಿ ಅಂದಾಜೂ ಸರಾಸರಿ ಶೇ 27ರಷ್ಟು ತಪ್ಪಿತ್ತು. ಅರ್ಧ ಗಂಟೆಯ ನಡಿಗೆಗೆ ಇಷ್ಟೆಲ್ಲ ಲೆಕ್ಕಾಚಾರ ಬೇಕಿಲ್ಲ. ಗಂಟೆಗಟ್ಟಲೆ ಓಡುವವರು ಮಾತ್ರ ಆ ಕೊರತೆಯನ್ನು ತುಂಬಿಕೊಳ್ಳದಿದ್ದರೆ ನಿಶ್ಶಕ್ತಿಯ ಜೊತೆಗೆ ಸ್ನಾಯುವೂ ಕರಗಬಹುದು. ಎರಡು ಮೂರು ವಾರಗಳ ಸರಾಸರಿ ತೂಕವನ್ನು ಗಮನಿಸಿ ಪ್ರಮಾಣವನ್ನು ಹೊಂದಿಸಿಕೊಳ್ಳಿ.