ಓದುಗರ ಪ್ರಶ್ನೆ: ಸೆರೆಯಲ್ಲಿರೋ ಸೈನಿಕರಿಗಾಗಿ ಕಾಗದ ಬರೆದ್ರೆ ಏನಾದ್ರೂ ಆಗುತ್ತಾ?

ಪ್ರಶ್ನೆ: ವಿಯೆಟ್ನಾಂ ಯುದ್ಧದ ಟೈಮಲ್ಲಿ ಸೆರೆ ಸಿಕ್ಕ, ಕಾಣೆಯಾದ ಸೈನಿಕರಿಗೋಸ್ಕರ ಅಮೆರಿಕದ ಜನ ರಾಶಿ ರಾಶಿ ಕಾಗದ ಬರೆದ್ರು ಅಂತ ಓದಿದ್ದೆ. ಶತ್ರು ಸರ್ಕಾರಕ್ಕೆ ಕಾಗದ ಬರೆದ್ರೆ ಅವರ ಮನಸ್ಸು ಕರಗುತ್ತಾ ಸರ್? ನನಗೇನೋ ಅದು ಮನೆಯವರ ಸಮಾಧಾನಕ್ಕೆ ಮಾಡ್ಕೊಂಡಿದ್ದು ಅನ್ಸುತ್ತೆ.

ಉತ್ತರ: ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆ ಕಾಗದಗಳು ಶುರುವಾಗೋಕೆ ಮುಂಚೆ ಏನಿತ್ತು ಅಂತ ನೋಡಿದ್ರೆ ವಿಷಯ ಬೇರೇನೇ ಇದೆ. ಮೊದಮೊದಲು ಅಮೆರಿಕದ ಸರ್ಕಾರದೋರು ಮನೆಯವರಿಗೆ ಹೇಳಿದ್ದು ಒಂದೇ ಮಾತು, ಯಾರ ಹತ್ರಾನೂ ಬಾಯಿ ಬಿಡಬೇಡಿ, ಸುದ್ದಿಯಾದ್ರೆ ಒಳಗಿರೋರಿಗೇ ತೊಂದ್ರೆ ಅಂತ. ಹೆಂಡತೀರು ವರ್ಷಗಟ್ಟಲೆ ಸುಮ್ಮನಿದ್ರು. ಪಕ್ಕದ ಮನೆಯವರು ಕೇಳಿದ್ರೂ ಏನೂ ಹೇಳೋ ಹಾಗಿಲ್ಲ, ಅತ್ತ ಗಂಡ ಬದುಕಿದಾನಾ ಅಂತಾನೂ ಗೊತ್ತಿಲ್ಲ, ಮಕ್ಕಳು ಅಪ್ಪ ಯಾವಾಗ ಬರ್ತಾರೆ ಅಂತ ಕೇಳ್ತಾನೇ ಇರ್ತಾವೆ, ಈ ಸ್ಥಿತೀಲಿ ಎಷ್ಟು ದಿನ ಅಂತ ಇರೋದು ಹೇಳಿ.

ಅವರಲ್ಲಿ ಒಬ್ಬರು ಸಿಬಿಲ್ ಸ್ಟಾಕ್‌ಡೇಲ್, ನಾಲ್ಕು ಗಂಡುಮಕ್ಕಳ ತಾಯಿ. ಗಂಡ ಜೇಮ್ಸ್ ನೌಕಾಪಡೆ ಪೈಲಟ್, 1965ರ ಸೆಪ್ಟೆಂಬರ್‌ನಲ್ಲಿ ಉತ್ತರ ವಿಯೆಟ್ನಾಂ ಮೇಲೆ ಅವರ ವಿಮಾನ ಹೊಡೆದುರುಳಿಸಿ ಅಲ್ಲಿನ ರಾಜಧಾನಿ ಹನೋಯ್‌ಗೆ ಎಳ್ಕೊಂಡು ಹೋದ್ರು. ಈಕೆ ತನ್ನಂಥದ್ದೇ ಕಷ್ಟದಲ್ಲಿದ್ದ ಹೆಂಗಸರನ್ನ ಒಬ್ಬೊಬ್ಬರಾಗಿ ಹುಡುಕಿ ಸೇರಿಸಿದ್ರು, 1968ರಲ್ಲಿ ಸುಮ್ಮನಿರೋದು ಸಾಕು ಅಂತ ಪತ್ರಿಕೆಯವರ ಮುಂದೆ ಬಾಯಿ ಬಿಟ್ರು. ಮಾರನೇ ವರ್ಷ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಸಚಿವ ಮೆಲ್ವಿನ್ ಲೇರ್ಡ್ ಅವರೇ ಈ ಕೈದಿಗಳ ಬಗ್ಗೆ ಬಹಿರಂಗವಾಗಿ ಮಾತಾಡಿದ್ರು. 1970ರಲ್ಲಿ ಈ ಕುಟುಂಬಗಳೆಲ್ಲ ಸೇರಿ ನ್ಯಾಷನಲ್ ಲೀಗ್ ಆಫ್ ಫ್ಯಾಮಿಲೀಸ್ ಅಂತ ಸಂಘಾನೇ ಕಟ್ಟಿದ್ರು.

ಕಾಗದ ಹೋಗಿದ್ದು ಹನೋಯ್‌ಗೆ, ಪ್ಯಾರಿಸ್ ಶಾಂತಿ ಮಾತುಕತೆಗೆ ಬಂದಿದ್ದ ಉತ್ತರ ವಿಯೆಟ್ನಾಂ ನಿಯೋಗಕ್ಕೆ, ತಮ್ಮದೇ ಸಂಸದರಿಗೆ, ಪತ್ರಿಕೆಗಳಿಗೆ. ಕೇಳಿದ್ದೂ ತುಂಬ ಸರಳವಾದದ್ದು. ಯಾರ್ಯಾರು ಇದಾರೆ ಪಟ್ಟಿ ಕೊಡಿ, ಕಾಗದ ಹೋಗಿ ಬರೋಕೆ ಬಿಡಿ, ರೆಡ್ ಕ್ರಾಸ್‌ನೋರನ್ನ ಒಳಗೆ ಬಿಡಿ, ಕಾಯಿಲೆಯವರನ್ನ ಗಾಯವಾದವರನ್ನ ಮನೆಗೆ ಕಳಿಸಿ. ಇಷ್ಟೇ. ನನ್ನ ಪ್ರಕಾರ ಇದರಲ್ಲಿ ದೊಡ್ಡದು ಪಟ್ಟಿ. ಯಾಕಂದ್ರೆ ಒಬ್ಬ ಸೆರೆಯಾಳು ಬದುಕಿದಾನೆ ಅಂತ ಹೊರಗೆ ಯಾರಿಗೂ ಗೊತ್ತಿಲ್ಲ ಅಂದ್ರೆ ಅವನನ್ನ ಏನು ಮಾಡಿದ್ರೂ ಕೇಳೋರಿಲ್ಲ. ಹೆಸರು ಒಂದ್ಸಲ ಕಾಗದದ ಮೇಲೆ ಬಂತು ಅಂದ್ರೆ ನಾಳೆ ಆ ಮನುಷ್ಯನ ಲೆಕ್ಕ ಅವರೇ ಕೊಡಬೇಕು.

ಕೆಲಸ ಆಯ್ತಾ ಅಂದ್ರೆ, 1969ರ ಕೊನೆಯಿಂದ ಒಳಗೆ ಚಿತ್ರಹಿಂಸೆ ಕಡಿಮೆಯಾಯ್ತು, ಊಟ ಸ್ವಲ್ಪ ಸುಧಾರಿಸ್ತು, ಕಾಗದಗಳೂ ಜಾಸ್ತಿ ಬರೋಕೆ ಶುರುವಾದ್ವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಉತ್ತರ ವಿಯೆಟ್ನಾಂ ನಾಯಕ ಹೋ ಚಿ ಮಿನ್ ತೀರಿಕೊಂಡಿದ್ರು, ಹಾಗಾಗಿ ಪೂರ್ತಿ ಕಾಗದದಿಂದಲೇ ಆಯ್ತು ಅನ್ನೋದು ತಪ್ಪಾಗುತ್ತೆ. ಆದ್ರೆ ವಾಪಸ್ ಬಂದ ಕೈದಿಗಳಲ್ಲೇ ಎಷ್ಟೋ ಜನ ಹೊರಗಿನ ಗಲಾಟೆಯಿಂದ ನಮಗೆ ಉಪಕಾರ ಆಯ್ತು ಅಂದಿದಾರೆ, ಅನುಭವಿಸಿದವರ ಮಾತನ್ನ ನಾನಂತೂ ತಳ್ಳಿಹಾಕಲ್ಲ.

ಪ್ರಶ್ನೆ: ಕೈದಿಗಳಿಗೆ ಕಾಗದ ಬರೆಯೋ ಹಕ್ಕು ಇದೆಯಾ, ಅಥವಾ ಹಿಡಿದಿಟ್ಟವರ ದಯೆಯಾ?

ಉತ್ತರ: ಹಕ್ಕೇ. 1949ರ ಮೂರನೇ ಜಿನೀವಾ ಒಪ್ಪಂದದಲ್ಲಿ, ಅಂದ್ರೆ ಯುದ್ಧಕೈದಿಗಳನ್ನ ಹೇಗೆ ನೋಡ್ಕೋಬೇಕು ಅನ್ನೋ ದೇಶದೇಶಗಳ ಒಪ್ಪಂದದಲ್ಲಿ, ಸ್ಪಷ್ಟವಾಗಿದೆ. ಶಿಬಿರಕ್ಕೆ ಬಂದ ಒಂದು ವಾರದೊಳಗೆ ಕೈದಿ ತಾನು ಸೆರೆಯಲ್ಲಿದೀನಿ, ಆರೋಗ್ಯ ಹೀಗಿದೆ ಅಂತ ಮನೆಗೊಂದು ಕಾರ್ಡು, ಯುದ್ಧಕೈದಿಗಳ ಮಾಹಿತಿ ಇಡೋ ಜಿನೀವಾದ ಏಜೆನ್ಸಿಗೊಂದು ಕಾರ್ಡು ಬರೀಬಹುದು. ಆಮೇಲೆ ತಿಂಗಳಿಗೆ ಕನಿಷ್ಠ 2 ಕಾಗದ, 4 ಕಾರ್ಡು. ಅಂಚೆ ಖರ್ಚೂ ಇಲ್ಲ. ಉತ್ತರ ವಿಯೆಟ್ನಾಂ 1957ರಲ್ಲೇ ಈ ಒಪ್ಪಂದಕ್ಕೆ ಸೇರಿತ್ತು, ಆದ್ರೆ ಇವರು ಯುದ್ಧಕೈದಿಗಳಲ್ಲ ಯುದ್ಧಾಪರಾಧಿಗಳು ಅಂತ ವಾದ ಮಾಡಿ ರೆಡ್ ಕ್ರಾಸ್‌ನ ಒಳಗೇ ಬಿಡಲಿಲ್ಲ.

ಕೊನೆಗೆ ಅವರು ಕೊಟ್ಟ ಕಾಗದ ಹೇಗಿತ್ತು ಗೊತ್ತಾ? ಒಂದು ಸಣ್ಣ ಅಚ್ಚು ಹಾಕಿದ ಫಾರಂ. ಬರೆಯೋಕೆ ಗೆರೆ ಎಳೆದಿರೋ ಆರೇಳು ಸಾಲು, ಕೆಳಗೆ ವಿಯೆಟ್ನಾಮಿ ಮತ್ತು ಇಂಗ್ಲಿಷಲ್ಲಿ ಸೂಚನೆ, ಅಕ್ಷರ ನೀಟಾಗಿರಲಿ, ಗೆರೆ ಮೇಲೆ ಮಾತ್ರ ಬರೀರಿ, ಆರೋಗ್ಯ ಮತ್ತು ಮನೆ ವಿಷಯ ಬಿಟ್ಟು ಬೇರೇನೂ ಬೇಡ, ಮನೆಯವರೂ ಇದೇ ಥರ ಬರೀಬೇಕು ಅಂತ. ವರ್ಷಗಳಿಂದ ನೋಡದ ಗಂಡನಿಗೆ ಆರೇಳು ಸಾಲಲ್ಲಿ ಏನು ಬರೀತೀರಿ? ದೊಡ್ಡವನು ಎಷ್ಟುದ್ದ ಆಗಿದಾನೆ, ಚಿಕ್ಕವನಿಗೆ ಹಲ್ಲು ಬಿತ್ತು, ಅಷ್ಟರಲ್ಲೇ ಜಾಗ ಮುಗಿದುಹೋಗುತ್ತೆ. ಇದನ್ನ ಯೋಚಿಸಿದಾಗೆಲ್ಲ ನನಗೆ ಸಂಕಟ ಆಗುತ್ತೆ.

ಪ್ರಶ್ನೆ: ಸೆರೆ ಸಿಕ್ಕ ಸೈನಿಕರ ಹೆಸರಿರೋ ಬಳೆ ಕೈಗೆ ಹಾಕ್ಕೊಳ್ಳೋ ಪದ್ಧತಿಯೂ ಆಗಲೇ ಶುರುವಾಗಿದ್ದಾ?

ಉತ್ತರ: ಹೌದು, 1970ರ ನವೆಂಬರ್ 11ರಂದು, ಲಾಸ್ ಏಂಜಲೀಸ್‌ನ ವಿದ್ಯಾರ್ಥಿ ಸಂಘವೊಂದರಿಂದ. ಲೋಹದ ಸಾದಾ ಪಟ್ಟಿ, ಮೇಲೆ ಒಬ್ಬ ಸೈನಿಕನ ರ‍್ಯಾಂಕ್, ಹೆಸರು, ಕಳೆದುಹೋದ ತಾರೀಕು. ಅವನು ಬರೋವರೆಗೂ ಬಿಚ್ಚಲ್ಲ ಅಂತ ಹಾಕ್ಕೊಳ್ಳೋರು. ಬೆಲೆ ಎರಡೂವರೆ ಡಾಲರ್, ಹತ್ತತ್ರ 50 ಲಕ್ಷ ಬಳೆ ಹೋದ್ವು.

ಪ್ರಶ್ನೆ: ನಾವು ಕೆಲವು ಸ್ನೇಹಿತರು ಸೇರಿ ಈಗ ಸೆರೆಯಲ್ಲಿರೋ ಸೈನಿಕರಿಗಾಗಿ ಇಂಥ ಕಾಗದ ಬರೀಬೇಕು ಅಂತಿದೀವಿ. ಏನು ಗಮನದಲ್ಲಿಟ್ಕೋಬೇಕು?

ಉತ್ತರ: ಮೊದಲು ಆ ಸೈನಿಕನ ಮನೆಯವರನ್ನ ಕೇಳಿ. ಅವರು ಬೇಡ ಅಂದ್ರೆ ಬೇಡ, ಎಷ್ಟೇ ಒಳ್ಳೆ ಮನಸ್ಸಿದ್ರೂ. ಅವನು ಯಾವ ತುಕಡಿ, ಏನು ಕೆಲಸ ಮಾಡ್ತಿದ್ದ, ಹೆಂಡತಿ ಮಕ್ಕಳು ಎಲ್ಲಿದಾರೆ, ಇದ್ಯಾವುದನ್ನೂ ಬರೀಬೇಡಿ, ಅದು ವಿಚಾರಣೆ ಮಾಡೋರ ಕೈಗೆ ಸಿಕ್ಕಿದ್ರೆ ಅವನ ಮೇಲೇ ತಿರುಗುತ್ತೆ. ಬೈಗುಳ, ಬೆದರಿಕೆ ಖಂಡಿತ ಬೇಡ. ಒಂದು ಕಾಗದದಲ್ಲಿ ಒಂದೇ ಬೇಡಿಕೆ ಇರಲಿ. ಸೆರೆಯಲ್ಲಿದಾನೆ ಅಂತ ಗೊತ್ತಿದ್ರೆ ಕಾಗದ, ಔಷಧಿ, ರೆಡ್ ಕ್ರಾಸ್ ಭೇಟಿ ಕೇಳಿ. ಕಾಣೆಯಾದವನಾದ್ರೆ ಮಾಹಿತಿ ಕೇಳಿ, ಬಿಡುಗಡೆ ಮಾಡಿ ಅಂತ ಬರೆದು ಮನೆಯವರಲ್ಲಿ ಇಲ್ಲದ ಆಸೆ ಹುಟ್ಟಿಸಬೇಡಿ. ಎಲ್ಲರೂ ಒಂದೇ ಪ್ರಿಂಟ್ ತೆಗೆದು ಸೈನ್ ಹಾಕೋದಕ್ಕಿಂತ ನಿಮ್ಮ ಕೈಯಲ್ಲಿ ನಾಲ್ಕು ಸಾಲು ಬರೀರಿ. ಉತ್ತರ ಬರದಿದ್ರೂ ಮುಂದಿನ ತಿಂಗಳು ಮತ್ತೆ ಬರೀರಿ.

ಪ್ರಶ್ನೆ: ಕೊನೆಗೆ ಎಷ್ಟು ಜನ ವಾಪಸ್ ಬಂದ್ರು?

ಉತ್ತರ: 1973ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ 591 ಜನ. ಸಿಬಿಲ್ ಅವರ ಗಂಡನೂ ಏಳೂವರೆ ವರ್ಷದ ಮೇಲೆ ಮನೆಗೆ ಬಂದ್ರು. ಆದ್ರೆ ಆಗ 2,500ಕ್ಕೂ ಹೆಚ್ಚು ಜನರ ಲೆಕ್ಕವೇ ಸಿಕ್ಕಿರಲಿಲ್ಲ, ಇವತ್ತಿಗೂ 1,500ಕ್ಕೂ ಹೆಚ್ಚು ಹೆಸರು ಹಾಗೇ ಇದಾವೆ. ಆ ಕುಟುಂಬಗಳ ಲೀಗ್ ಇನ್ನೂ ನಡೀತಿದೆ. ಈಗ ಸರ್ಕಾರದೋರೇ ಆ ಮನೆಗಳಿಗೆ ಕಾಗದ ಬರೀತಾರೆ, ಸಿಕ್ಕಿರೋ ಮೂಳೆ ಹೋಲಿಸಿ ನೋಡೋಕೆ ಡಿಎನ್‌ಎ ಬೇಕು ಅಂತ. ತಂಗಿಯೋ ತಂಗಿ ಮಗನೋ ಕೆನ್ನೆಯ ಒಳಗಡೆ ಹತ್ತಿ ಕಡ್ಡಿ ಉಜ್ಜಿ, ಕವರಿಗೆ ಹಾಕಿ ಅಂಟಿಸಿ ಪೋಸ್ಟ್ ಮಾಡ್ತಾರೆ.