ನಡುರಾತ್ರಿಯ ಜೆಟ್ಟು

"ತೋಟಕ್ಕೆ ಹಗಲೇ ನೀರು ಬಿಟ್ಟಾಗಿರುತ್ತದೆ ಟೀಚರೇ. ಇವರು ರಾತ್ರಿ ಒಂದು ಗಂಟೆಗೆ ಎದ್ದು ಹೋಗಿ ಮತ್ತೆ ಜೆಟ್ ಹಾಕುತ್ತಾರೆ. ಆಮೇಲೆ ಜಗಲಿಯ ಕುರ್ಚಿಯಲ್ಲೇ ನಿದ್ದೆ."

ಹೇಳಿದ್ದು ಹೆಂಡತಿ, ಪಕ್ಕದಲ್ಲೇ ಗಂಡ. ಕುಂಬಳೆ ಸೀಮೆಯ ಅಡಿಕೆ ತೋಟದ ಮನೆ. ಜೆಟ್ ಎಂದರೆ ತೋಟಕ್ಕೆ ನೀರು ಚಿಮ್ಮುವ ಸ್ಪ್ರಿಂಕ್ಲರ್. ಗುರುತು ಸಿಗುವ ವಿವರ ಬದಲಿಸಿದ್ದೇನೆ, ಇಬ್ಬರ ಒಪ್ಪಿಗೆಯೂ ಇದೆ. ನಾನು ಶಾಲೆಯ ಕೆಲಸ ಬಿಟ್ಟು, ಗಂಡಹೆಂಡಿರ ಕಷ್ಟ ಕೇಳಿ ಸಲಹೆ ಹೇಳಲು ಕೂತು ವರ್ಷಗಳಾದರೂ ಕಾಸರಗೋಡಿನಲ್ಲಿ ಎಲ್ಲರಿಗೂ ಟೀಚರೇ. ಆಕೆಯ ಅತ್ತೆ ಆಗಲೇ ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದರು. ನಾನು ಕುಡಿತವಿರಬಹುದು ಎಂದುಕೊಂಡೆ. ಎರಡೂ ಅಲ್ಲ.

ಗಂಡನಿಗೆ 36 ವರ್ಷ. ಕಡಲಡಿಯ ತೈಲ, ಅನಿಲ ಹುಡುಕುವ ಸೀಸ್ಮಿಕ್ ಸರ್ವೆ ಹಡಗಿನಲ್ಲಿ ಗನ್ ಮೆಕ್ಯಾನಿಕ್. ಐದು ವಾರ ಹಡಗು, ಐದು ವಾರ ಮನೆ. ಗನ್ ಎಂದರೆ ಗುಂಡಿನದ್ದಲ್ಲ, ಗಾಳಿಯದ್ದು. ಚದರ ಇಂಚಿಗೆ 2000 ಪೌಂಡ್ ಒತ್ತಡದ ಗಾಳಿಯನ್ನು ನೀರಿನೊಳಗೆ ಒಮ್ಮೆಲೇ ಬಿಡುತ್ತಾರೆ. ಆ ಸದ್ದು ಕಡಲಡಿಯ ಬಂಡೆ ಪದರಗಳಿಗೆ ತಾಗಿ ಮರಳುವುದನ್ನು ಹಡಗು ಎಳೆಯುವ ಕಿಲೋಮೀಟರುಗಟ್ಟಲೆ ಉದ್ದದ ಕೇಬಲ್ಲುಗಳು ಹಿಡಿಯುತ್ತವೆ. ಸುಮಾರು ಹತ್ತು ಸೆಕೆಂಡಿಗೊಮ್ಮೆ ಧಡ್, ಹಗಲೂ ರಾತ್ರಿಯೂ.

"ಅದರಲ್ಲಿ ನಿದ್ದೆ ಹೇಗೆ ಬರುತ್ತದೆ?" ಎಂದೆ.

"ಸದ್ದಿದ್ದರೆ ಬರುತ್ತದೆ. ನಿಂತರೆ ಎಚ್ಚರವಾಗುತ್ತದೆ. ಒಂದು ಸರ್ವೆ ಲೈನ್ ಮುಗಿಸಿ ಹಡಗು ತಿರುಗುವಾಗ ನಿಂತರೆ ಚಿಂತೆಯಿಲ್ಲ, ಮೊದಲೇ ಗೊತ್ತಿರುತ್ತದೆ. ನಡುವೆ ನಿಂತರೆ ಹತ್ತಿರ ತಿಮಿಂಗಿಲ ಕಂಡು ನಿಲ್ಲಿಸಿರಬೇಕು, ಇಲ್ಲವೇ ಗನ್ ಸೋರುತ್ತಿರಬೇಕು. ಸೋರಿದರೆ ನನ್ನ ಕೆಲಸ."

ಮನೆಯ ಮೌನ ಅವರ ಕಿವಿಗೆ ಕೆಟ್ಟುನಿಂತ ಗನ್. ಜೆಟ್ಟಿನ ಚಟ್ ಚಟ್ ಸದ್ದು ಅದನ್ನು ತುಂಬುತ್ತಿತ್ತು.

ಇನ್ನೊಂದು ಕಾರಣ ಪಾಳಿ. ರಾತ್ರಿ 12ರಿಂದ ಮಧ್ಯಾಹ್ನ 12ರವರೆಗೆ ಕೆಲಸ. ಈ ಸಲ ಹಡಗು ಬಂಗಾಳ ಕೊಲ್ಲಿಯಲ್ಲಿತ್ತು, ಗಡಿಯಾರ ನಮ್ಮದೇ. ಊರಿಗೆ ಬಂದರೂ ಮಧ್ಯಾಹ್ನ ಎರಡಕ್ಕೆ ಕಣ್ಣು ಕೂರುತ್ತದೆ, ಮನೆಯವರು ಹಾಸಿಗೆ ಬಿಡಿಸುವಾಗ ಬಿಡುತ್ತದೆ. ಮಲಗುವ ಹೊತ್ತನ್ನು ಹಿಂದಕ್ಕೆ ಎಳೆಯುವುದಕ್ಕಿಂತ ಮುಂದಕ್ಕೆ ತಳ್ಳುವುದು ದೇಹಕ್ಕೆ ಸುಲಭ. ಹಾಗಾಗಿ ಬಂದ ದಿನ ನಾಲ್ಕಕ್ಕೆ, ಮರುದಿನ ಆರಕ್ಕೆ, ಆಮೇಲೆ ಎಂಟು, ಹತ್ತು. ಮಲಗುವ ತನಕ ಬೆಳಕಿನಲ್ಲಿ ಓಡಾಟ, ಮಲಗಿದ ಮೇಲೆ ಕೋಣೆ ಕತ್ತಲೆ. ಸದ್ದು ಬೇಕಿದ್ದರೆ ಫ್ಯಾನ್ ಸಾಕು ಎಂದೆ. ಆ ನಾಲ್ಕು ದಿನ ನೆಂಟರ ಮನೆ ಊಟ ಬೇಡವೆಂದದ್ದಕ್ಕೆ ಅತ್ತೆಗೆ ನನ್ನ ಮೇಲೆ ಈಗಲೂ ಸಿಟ್ಟಿದೆ.

ನಿದ್ದೆಯ ಮಾತು ಮುಗಿಯಿತೆಂದು ನಾನು ಡೈರಿ ಮುಚ್ಚಿದೆ. ಆಕೆ ಏಳಲಿಲ್ಲ. "ಬಂದ ಮೂರನೇ ದಿನ ಇವರು ನಾನು ಗೊತ್ತುಮಾಡಿದ ಕೊಯ್ಲಿನವನನ್ನು ಬೇಡವೆಂದು ಕಳುಹಿಸಿದರು. ಐದು ವಾರ ಕಳೆದು ಹೋಗುತ್ತಾರೆ. ಅವನ ಕಾಲು ಹಿಡಿಯಬೇಕಾದವಳು ನಾನು."

"ಕೂಲಿ ಜಾಸ್ತಿ ಕೇಳಿದ," ಎಂದರು ಇವರು.

ಗಂಡಸಿಗೆ ಉಪದೇಶ ಹೇಳುವ ಆಸೆ ನಾಲಗೆಯ ತುದಿಗೆ ಬಂತು, ನುಂಗಿದೆ. "ಪಾಳಿ ಬದಲಾಗುವಾಗ ಹಡಗಿನಲ್ಲಿ ಏನು ಮಾಡುತ್ತೀರಿ?"

"ಹ್ಯಾಂಡೋವರ್. ಇಳಿಯುವವನು ಹೇಳುತ್ತಾನೆ, ಲಾಗಿನಲ್ಲಿ ಬರೆದಿರುತ್ತಾನೆ. ಯಾವ ಕೊಳವೆಯಲ್ಲಿ ಗಾಳಿಯಿದೆ, ಯಾವುದು ಬಿಚ್ಚಿದೆ, ಎಲ್ಲ."

"ಕೇಳದೆ ಕೈ ಹಾಕಿದರೆ?"

"ಕೈಯೇ ಹೋದೀತು." ಹೇಳಿ ಸುಮ್ಮನಾದರು. ಆಕೆ ಅವರ ಮುಖವನ್ನೇ ನೋಡುತ್ತಿದ್ದರು.

ಆ ದಿನ ನಾನು ಕೊಟ್ಟ ಸಲಹೆ ಇಷ್ಟೇ: ಬಂದ ಮೊದಲ ವಾರ ಆಕೆ ಹೇಳಬೇಕು, ಇವರು ಕೇಳಬೇಕು, ಯಾವ ಏರ್ಪಾಡನ್ನೂ ಮುಟ್ಟಬಾರದು. ಆಕೆಗೆ ಒಂದು ನೋಟ್ ಪುಸ್ತಕ. ಹೊರಡುವ ಮುನ್ನ ಇವರೂ ಅದರಲ್ಲೇ ಬರೆದಿಡಬೇಕು. ಅಮ್ಮನ ಬೆನ್ನ ಹಿಂದೆ ಅಡಗುವ ಐದು ವರ್ಷದ ಮಗಳನ್ನು ಬೆಳಗ್ಗೆ ಶಾಲೆಯ ಬಸ್ಸಿಗೆ ಬಿಡುವ ಕೆಲಸ ಇವರಿಗೆ. ಮಾತಾಡಿಸಲು ಅವಸರ ಬೇಡ.

ಮುಂದಿನ ಸಲ ಬಂದಾಗ ಪುಸ್ತಕ ತಂದಿದ್ದರು. ಪಂಪಿನ ರಿಪೇರಿ, ಅಡಿಕೆ ರೇಟು, ಮಗಳ ಹಲ್ಲು ಬಿದ್ದದ್ದು. ಜೆಟ್ ಒಂದೇ ರಾತ್ರಿ ಓಡಿತ್ತಂತೆ. ನಾಲ್ಕನೇ ಪುಟದಲ್ಲಿ ಬೇರೆ ಶಾಯಿಯಲ್ಲಿ ಒಂದೇ ಸಾಲು: "ಮುಂದಿನ ಕಾಂಟ್ರಾಕ್ಟಿಗೆ ಸಹಿ ಹಾಕುವ ಮೊದಲು ನನಗೂ ಹೇಳಲಿಕ್ಕಿದೆ."

ಇವರು ಅದನ್ನು ಓದಿದ್ದು ನನ್ನೆದುರಿನಲ್ಲೇ. ಬರುವ ಗುರುವಾರ ಮತ್ತೆ ಬರುತ್ತಾರೆ.