ಕಮೊಡೋರ್ 64: ಹಳೇ ಅಡಾಪ್ಟರ್ ಹಾಕುವ ಮುಂಚೆ

ಅಟ್ಟದಲ್ಲಿ ಸಿಕ್ಕ ಹಳೇ ಹೋಂ ಕಂಪ್ಯೂಟರ್ ಕಮೊಡೋರ್ 64 ಅನ್ನು ಅದರ ಜೊತೆಗಿದ್ದ ಅಡಾಪ್ಟರ್‌ನಲ್ಲೇ ಆನ್ ಮಾಡಬಹುದಾ, ಹಳದಿಯಾದ ಕೇಸ್ ಮತ್ತೆ ಮೊದಲಿನಂತೆ ಆಗುತ್ತದಾ ಅಂತ ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ: ದಯವಿಟ್ಟು ಬೇಡ.

ಆ ಅಡಾಪ್ಟರ್‌ನಿಂದ 5 ವೋಲ್ಟ್ ಡಿಸಿ, 9 ವೋಲ್ಟ್ ಎಸಿ ಎರಡೂ ಬರುತ್ತವೆ. 5 ವೋಲ್ಟ್ ಕಾಯುವ ರೆಗ್ಯುಲೇಟರ್ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಎಪಾಕ್ಸಿ ಎಂಬ ಗಟ್ಟಿ ಅಂಟಿನೊಳಗೆ ಹೂತಿರುತ್ತದೆ. ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಅದು ಕೆಟ್ಟಾಗ ವೋಲ್ಟೇಜ್ ಸುಮ್ನೆ ನಿಂತುಹೋಗುವ ಬದಲು ಏರಿಬಿಡಬಹುದು. ಆಗ ಮೊದಲು ಹೋಗುವುದು ರ್‍ಯಾಮ್ ಚಿಪ್‌ಗಳು.

ಮಲ್ಟಿಮೀಟರ್ ಇದ್ದರೆ ಕಂಪ್ಯೂಟರ್‌ಗೆ ಚುಚ್ಚುವ ಪ್ಲಗ್‌ನ 5 ಮತ್ತು 2ನೇ ಪಿನ್ ನಡುವೆ ಅಳೆದು ನೋಡಿ. 5.25ಕ್ಕಿಂತ ಜಾಸ್ತಿ ಬಂದರೆ ಅದನ್ನು ಮರೆತುಬಿಡಿ. ಸರಿಯಾಗಿ 5 ಬಂದರೂ ನಾನಂತೂ ನಂಬುವುದಿಲ್ಲ. ಬಿಸಿಯಾದ ಮೇಲೆ ಕೈಕೊಡುವವೂ ಇವೆ. ಈ ಕಂಪ್ಯೂಟರ್‌ಗೆಂದೇ ಈಗ ಹೊಸದಾಗಿ ತಯಾರಿಸುವ ಪವರ್ ಸಪ್ಲೈ ಕೊಳ್ಳಿ. ಮೊಬೈಲ್ ಚಾರ್ಜರ್ ಕತ್ತರಿಸಿ ಜೋಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲಿ 9 ವೋಲ್ಟ್ ಎಸಿ ಬರುವುದಿಲ್ಲ, ಆ ಎಸಿ ಇಲ್ಲದಿದ್ದರೆ ಕ್ಯಾಸೆಟ್ ಮೋಟಾರ್ ತಿರುಗುವುದಿಲ್ಲ. ಹಳೇ ಬೋರ್ಡ್‌ಗಳಲ್ಲಿ ಸೌಂಡ್ ಚಿಪ್‌ಗೆ ಬೇಕಾದ 12 ವೋಲ್ಟ್ ಕೂಡ ಅದರಿಂದಲೇ ಆಗಬೇಕು.

ಎಲ್ಲ ಸರಿಯಿದ್ದರೆ ನೀಲಿ ಪರದೆ ಬಂದು 38911 ಬೇಸಿಕ್ ಬೈಟ್ಸ್ ಫ್ರೀ ಅಂತ ತೋರಿಸುತ್ತದೆ. 64 ಕೆಬಿಯಲ್ಲಿ ಉಳಿದದ್ದು ಎಲ್ಲಿ ಹೋಯಿತು ಅಂತ ಗಾಬರಿಯಾಗಬೇಡಿ, ಅದರೊಳಗಿನ ಪ್ರೋಗ್ರಾಮಿಂಗ್ ಭಾಷೆ ಬೇಸಿಕ್‌ಗೆ ಸಿಗುವುದೇ ಅಷ್ಟು. ಪರದೆ ಕಪ್ಪಾಗಿಯೇ ಇದ್ದರೆ ನನ್ನ ಮೊದಲ ಅನುಮಾನ ಯಾವಾಗ ಯಾವ ಚಿಪ್ ಕೆಲಸ ಮಾಡಬೇಕೆಂದು ಆರಿಸುವ ಪಿಎಲ್ಎ ಚಿಪ್ ಮೇಲೆ, ಆಮೇಲೆ ರ್‍ಯಾಮ್. ರ್‍ಯಾಮ್ ಚಿಪ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ. ಸಾಲಿನಲ್ಲಿ ಒಂದೇ ಒಂದು ಸುಡುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ ಅಂತಲೇ ಲೆಕ್ಕ.

ಜಾಯ್‌ಸ್ಟಿಕ್ ಅನ್ನು ಆಫ್ ಮಾಡಿಯೇ ಚುಚ್ಚಿ, ಆಫ್ ಮಾಡಿಯೇ ತೆಗೆಯಿರಿ. ಕೈಯಲ್ಲಿರುವ ಸ್ಟ್ಯಾಟಿಕ್ ವಿದ್ಯುತ್ ಆ ಪೋರ್ಟ್ ಮೂಲಕ ಸೀದಾ ಜಾಯ್‌ಸ್ಟಿಕ್, ಕೀಬೋರ್ಡ್ ಎರಡನ್ನೂ ನೋಡಿಕೊಳ್ಳುವ ಸಿಐಎ ಚಿಪ್‌ಗೆ ಹೋಗುತ್ತದೆ. ಅದು ಹೋದರೆ ಕೀಬೋರ್ಡ್ ಕೂಡ ಹೋಯಿತು ಅನ್ನಿ. ಕೆಲವು ಕೀ ಮಾತ್ರ ಒತ್ತಿದರೂ ಕೆಲಸ ಮಾಡದಿದ್ದರೆ ಚಿಪ್ ಮೇಲೆ ಅನುಮಾನ ಬೇಡ. ಬಹುಶಃ ಕಾಂಟ್ಯಾಕ್ಟ್‌ಗಳಲ್ಲಿ ಕೊಳೆ ಇರುತ್ತದೆ, ಐಸೊಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಕೀಬೋರ್ಡ್ ಬಿಚ್ಚುವಾಗ ಶಿಫ್ಟ್ ಲಾಕ್‌ನ ಎರಡು ವೈರ್‌ಗಳ ಬೆಸುಗೆ ಬಿಡಿಸಬೇಕು, ಎಳೆದು ಕೀಳಬೇಡಿ.

ಹಳದಿ ಬಣ್ಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಇಡುವವರು ಬಹಳ ಜನ ಇದ್ದಾರೆ. ಬಿಳುಪಾಗುತ್ತದೆ ನಿಜ, ಆದರೆ ಸಮನಾಗಿ ಹಚ್ಚದಿದ್ದರೆ ಮಚ್ಚೆ ಬೀಳುತ್ತದೆ, ಹಳದಿ ಮತ್ತೆ ಬರಲೂಬಹುದು. ನನ್ನ ಕೇಳಿದರೆ ಸೋಪು ನೀರಲ್ಲಿ ತೊಳೆದು ಹಾಗೇ ಬಿಡಿ. ತೊಳೆಯಲು ಕೇಸ್ ಬಿಚ್ಚಿದಾಗ ಬೋರ್ಡ್ ಮೇಲಿನ ನಂಬರ್ ನೋಡಿ, 250407 ಥರ ಇರುತ್ತದೆ. ಅದರ ಫೋಟೊ ಇಲ್ಲಿ ಹಾಕಿದರೆ ನಿಮ್ಮದರಲ್ಲಿ ಸೌಂಡ್ ಚಿಪ್ 12 ವೋಲ್ಟಿನದ್ದಾ, 9 ವೋಲ್ಟಿನದ್ದಾ ಹೇಳುತ್ತೇನೆ.